ಹೇಸಿಗೆ ಕೊಟ್ಟ ತೀರ್ಪು

1927ರ ಮಾರ್ಚ್ 20ರಂದು ಕೊಂಕಣದ ಮಹಾಡ್ ಪಟ್ಟಣದಲ್ಲಿ ಡಾ. ಅಂಬೇಡ್ಕರ್ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಅವರ ಹಿಂದೆ ಬಂದ ಸಾವಿರಾರು ಜನರೂ ಕುಡಿದರು. ಆದದ್ದು ಇಷ್ಟೇ. ಯಾರ ಮನೆಗೂ ನುಗ್ಗಲಿಲ್ಲ, ಯಾರ ಬಣವೆಗೂ ಬೆಂಕಿ ಇಡಲಿಲ್ಲ. ಅದು ಕಾನೂನು ಮುರಿದ ಕೆಲಸವೂ ಅಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಛತ್ರಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬ ಎಸ್. ಕೆ. ಬೋಲೆಯವರ ಗೊತ್ತುವಳಿಯನ್ನು ಬೊಂಬಾಯಿ ಶಾಸನಸಭೆ 1923ರಲ್ಲೇ ಒಪ್ಪಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಕೆರೆ ಎಲ್ಲರದು ಎಂದು ಬರೆದುಕೊಂಡಿತ್ತು. ಕಾಗದದ ಮೇಲಿದ್ದದ್ದನ್ನು ಈ ಜನ ಕೆರೆಯ ದಂಡೆಗೆ ತಂದರು, ಅಷ್ಟೆ.

ಊರಿನ ಸವರ್ಣೀಯರು ಮಾತ್ರ ತೀರ್ಪು ಕೊಡುವುದಕ್ಕೆ ಹೆಚ್ಚು ಹೊತ್ತು ತಗೊಳ್ಳಲಿಲ್ಲ. ವೀರೇಶ್ವರನ ಗುಡಿಗೂ ನುಗ್ತಾರಂತೆ ಅಂತ ಗಾಳಿಮಾತು ಹಬ್ಬಿತು. ಊರಿಗೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದವರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಕೆರೆಗೆ ಶುದ್ಧಿ! 108 ಕೊಡ ನೀರೆತ್ತಿ, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಮತ್ತೆ ಅದೇ ಕೆರೆಗೆ ಸುರಿದರು.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ: ತಪ್ಪು ಯಾವುದು? ನಷ್ಟ ಯಾರಿಗಾಯಿತು? ಆ ಕೆರೆಯ ನೀರನ್ನು ಮುಸಲ್ಮಾನರು ಬಳಸುತ್ತಿದ್ದರು, ದನಕರು ಕುಡಿಯುತ್ತಿದ್ದವು. ಸಗಣಿ ಸುರಿದರೆ ಚೊಕ್ಕವಾಗುವ ನೀರು ಮನುಷ್ಯನ ಬೊಗಸೆ ತಾಕಿದರೆ ಕೆಡುತ್ತದೆ ಎಂದರೆ, ಅದು ಕೊಳೆಯ ಲೆಕ್ಕ ಅಲ್ಲ. ಅದು ಇನ್ಯಾವುದೋ ಲೆಕ್ಕ.

ಆ ಲೆಕ್ಕವನ್ನು ಮನಃಶಾಸ್ತ್ರ ಬಹಳ ತಡವಾಗಿ ಹಿಡಿಯಿತು. ಅಮೆರಿಕದ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸತ್ತ ಜಿರಲೆಯನ್ನು ರೋಗಾಣು ಒಂದೂ ಇಲ್ಲದಂತೆ ಶುದ್ಧಮಾಡಿ, ಹಣ್ಣಿನ ರಸಕ್ಕೆ ತಾಕಿಸಿ ತೆಗೆದರು. ಅಪಾಯವಿಲ್ಲ ಎಂದು ಗೊತ್ತಿದ್ದೂ ಜನ ಆ ರಸ ಬೇಡವೆಂದರು. ತಮಗಾಗದವರು ತೊಟ್ಟ ಅಂಗಿಯನ್ನು ಒಗೆದು ಕೊಟ್ಟರೂ ತೊಡಲು ಮನಸ್ಸು ಹಿಂಜರಿಯಿತು. ಒಮ್ಮೆ ತಾಕಿದ್ದು ಎಂದೆಂದಿಗೂ ತಾಕಿಕೊಂಡೇ ಇರುತ್ತದೆ ಎಂಬುದು ಹೇಸಿಗೆಯ ನಿಯಮ. ನಾವು ಇದನ್ನು ಪುಸ್ತಕದಿಂದ ಕಲಿಯಬೇಕಿಲ್ಲ. ಇದರ ಕನ್ನಡ ಹೆಸರು ಮೈಲಿಗೆ.

2001ರಲ್ಲಿ ಜೊನಾಥನ್ ಹೈಟ್ ಇನ್ನೊಂದು ಮಾತು ಹೇಳಿದ. ಮನುಷ್ಯ ಸರಿ-ತಪ್ಪುಗಳನ್ನು ಯೋಚಿಸಿ ತೀರ್ಮಾನಿಸುವುದು ಕಮ್ಮಿ. ಮೊದಲು ಥಟ್ಟನೆ ಒಂದು ಭಾವ ಬರುತ್ತದೆ, ತೀರ್ಪು ಆಗಲೇ ಆಗಿಹೋಗುತ್ತದೆ. ಕಾರಣಗಳನ್ನು ಆಮೇಲೆ ವಕೀಲನ ಹಾಗೆ ಹುಡುಕುತ್ತಾನೆ. ಒಂದು ಕಾರಣ ಬಿದ್ದರೆ ಇನ್ನೊಂದು ಹಿಡಿಯುತ್ತಾನೆ, ತೀರ್ಪನ್ನು ಮಾತ್ರ ಬಿಡುವುದಿಲ್ಲ.

ಮಹಾಡಿನಲ್ಲಿ ನಡೆದದ್ದನ್ನು ನೋಡಿ. 1927ರ ಆಗಸ್ಟ್‌ನಲ್ಲಿ ಪುರಸಭೆ ತನ್ನ ಗೊತ್ತುವಳಿಯನ್ನೇ ವಾಪಸ್ ತಗೊಂಡಿತು. ಡಿಸೆಂಬರ್‌ನಲ್ಲಿ ಸವರ್ಣೀಯರು ಕೋರ್ಟಿಗೆ ಹೋದರು. ಮೈಲಿಗೆ ಅಂದರೆ ಕೋರ್ಟು ಕೇಳುತ್ತದೆಯೇ? ಹಾಗಾಗಿ ಬೇರೆ ಕಾರಣ ಹುಟ್ಟಿದವು. ಕೆರೆ ನಮ್ಮ ಸ್ವಂತದ್ದು ಅಂದರು. ಅನಾದಿಯಿಂದ ಬಂದ ರೂಢಿ ಅಂದರು. ಹತ್ತು ವರ್ಷ ವ್ಯಾಜ್ಯ ನಡೆಯಿತು. ರೂಢಿ ಅನಾದಿ ಎನ್ನುವುದಕ್ಕೆ ರುಜುವಾತಿಲ್ಲ ಎಂದು 1937ರ ಮಾರ್ಚ್ 17ರಂದು ಬೊಂಬಾಯಿ ಹೈಕೋರ್ಟ್ ಅವರ ಮೇಲ್ಮನವಿ ವಜಾ ಮಾಡಿತು. ದೊಣ್ಣೆ ಎತ್ತುವಾಗ ಇದ್ದ ಖಚಿತತೆ ಸಾಕ್ಷಿ ಕೇಳಿದಾಗ ಎಲ್ಲಿ ಹೋಯಿತು?

ಇಲ್ಲೊಂದು ಅಪಾಯವಿದೆ, ಹುಷಾರಾಗಿರಬೇಕು. 'ಅವರಿಗೆ ಹಾಗನ್ನಿಸುತ್ತಪ್ಪಾ, ಮನಸ್ಸೇ ಹಂಗಿದೆ, ಯಾರೇನು ಮಾಡೋಕಾಗುತ್ತೆ?' ಎಂದು ಜಾತಿಯನ್ನು ಮನುಷ್ಯಸ್ವಭಾವದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರು ಬಹಳ. ಈ ವಾದ ನಿಲ್ಲುವುದಿಲ್ಲ. ಎಳೆ ಮಗುವಿಗೆ ಹೇಸಿಗೆ ಗೊತ್ತಿಲ್ಲ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಯಾವುದಕ್ಕೆ ಮೂಗು ಮುರಿಯಬೇಕು, ಯಾರನ್ನು ಕಂಡರೆ ಸರಿದು ನಿಲ್ಲಬೇಕು ಎಂದು ಕಲಿಸುವುದು ಮನೆ, ಬೀದಿ, ಗುಡಿ. ಕಲಿಸಿದ್ದರ ಹಿಂದೆ ಲಾಭವೂ ಇದೆ. ಹೊಲೆಯನ ಕೈ ಬಿತ್ತಿ, ಕೊಯ್ದು, ಬಡಿದು ಕೊಟ್ಟ ರಾಗಿಗೆ ಎಂದಾದರೂ ಮೈಲಿಗೆಯಾಗಿದ್ದುಂಟೇ? ಕಣಜಕ್ಕೆ ಹೋಗುವಾಗ ಇಲ್ಲದ ಹೇಸಿಗೆ ಬಾವಿಕಟ್ಟೆಯಲ್ಲಿ ಮಾತ್ರ ಹೇಗೆ ಬರುತ್ತದೆ?

ಇನ್ನೊಂದು ಸಾಕ್ಷಿಯೂ ಮಹಾಡಿನಲ್ಲೇ ಇದೆ. ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಡುವ ಗೊತ್ತುವಳಿ ಮಂಡಿಸಿದವರು ಗಂಗಾಧರ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಮಡಿ-ಮೈಲಿಗೆಯ ಪಾಠ ಅವರ ಜಾತಿಗೂ ಆಗಿತ್ತು. ಆದರೂ ಅವರ ತೀರ್ಪು ಬೇರೆಯಾಯಿತು. ಭಾವವೇ ಯಜಮಾನ, ವಿಚಾರ ಅದರ ಆಳು ಎನ್ನುವುದನ್ನು ಎಲ್ಲ ಮನಃಶಾಸ್ತ್ರಜ್ಞರೂ ಒಪ್ಪಿಲ್ಲ. ಸಹಸ್ರಬುದ್ಧೆಯವರಂಥವರು ಇರುವವರೆಗೆ ಒಪ್ಪಬೇಕಾಗಿಯೂ ಇಲ್ಲ. ಆಳು ಎದುರು ಮಾತಾಡಬಲ್ಲ.

ಆದರೆ ಎದುರು ಮಾತಾಡದೆ ಉಳಿದವರೇ ಹೆಚ್ಚು. 2022ರ ನವೆಂಬರ್‌ನಲ್ಲಿ, ಅಂದರೆ ಮಹಾಡಿನ 95 ವರ್ಷದ ನಂತರ, ನಮ್ಮ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿ ಬೀದಿಯ ತೊಂಬೆಯಲ್ಲಿ ನೀರು ಕುಡಿದಳೆಂದು, ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದ ಸುದ್ದಿ ಬಂತು. ಅಧಿಕಾರಿಗಳು ದಲಿತರನ್ನು ಕರೆದೊಯ್ದು ಊರಿನ ತೊಂಬೆಗಳ ನೀರು ಕುಡಿಸಬೇಕಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ಎಷ್ಟು ವರ್ಷವಾಯಿತು? ಕಾನೂನಿನ ಪುಸ್ತಕದಿಂದ ಹೋದದ್ದು ಇನ್ನೂ ಗಂಟಲಲ್ಲಿ ಕೂತಿದೆ.

'ಮೊದಲು ಜನರ ಮನಸ್ಸು ಬದಲಾಗಲಿ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತೆ' ಅಂತ ಬುದ್ಧಿ ಹೇಳುವವರು ಇವತ್ತಿಗೂ ಇದ್ದಾರೆ. ಹೇಸಿಗೆ ತನ್ನಷ್ಟಕ್ಕೆ ತಾನೇ ಕರಗಿದ್ದನ್ನು ಚರಿತ್ರೆ ತೋರಿಸುವುದಿಲ್ಲ. ಮಹಾಡಿನ ಜನ ಯಾರ ಮನಸ್ಸು ಬದಲಾಗುವುದಕ್ಕೂ ಕಾಯಲಿಲ್ಲ. ಅವರಿಗೆ ನೀರು ಬೇಕಿತ್ತು, ಕುಡಿದರು. ಕಾರಣ ಹುಡುಕುವ ಕಷ್ಟವನ್ನು ಎದುರಿನವರಿಗೆ ಬಿಟ್ಟರು.