ಮುಳಬಾಗಿಲಿನಿಂದ ಬಂದ ಪೌರ

ಕಗ್ಗದ ಚೌಪದಿಗಳು ಈಗ ಮದುವೆಯ ಕರೆಯೋಲೆಯಲ್ಲೂ ಇವೆ, ಬೆಳಗಿನ ವಾಟ್ಸಾಪಿನಲ್ಲೂ ಇವೆ. ನನ್ನ ತಕರಾರೇನಿಲ್ಲ. ಆದರೆ ನಾನು ಮುಳಬಾಗಿಲು ಕಡೆಯವನು, ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು ಇಲ್ಲಿಯ ವೋಟರ್ ಲಿಸ್ಟಿಗೆ ಸೇರಿಕೊಂಡವನು. ಹಾಗಾಗಿ ನನಗೆ ಕಗ್ಗ ಬರೆದ ಡಿ.ವಿ. ಗುಂಡಪ್ಪನವರ, ಅಂದರೆ ಡಿವಿಜಿಯವರ, ಕವಿತ್ವಕ್ಕಿಂತ ಅವರು ಬೆಂಗಳೂರು ಪುರಸಭೆಯ ಸದಸ್ಯರಾಗಿ ಕೂತಿದ್ದರು ಎಂಬುದೇ ಹೆಚ್ಚು ಹತ್ತಿರ.

ಹೆಸರಿನ ಮುಂದಿನ 'ಡಿ' ದೇವನಹಳ್ಳಿಯದು. ಹುಟ್ಟಿದ್ದು ಮಾತ್ರ ನಮ್ಮೂರಲ್ಲಿ, 1887ರ ಮಾರ್ಚ್ 17ರಂದು. ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಮುಂದೆ ಹಿಡಿದ ದಾರಿ ನಮ್ಮ ಜಿಲ್ಲೆಯ ಹುಡುಗರಿಗೆಲ್ಲ ಗೊತ್ತಿರುವಂಥದ್ದೇ: ಕೈಗೆ ಸಿಕ್ಕಿದ ಕೆಲಸ ಹಿಡಿ, ಇನ್ನೊಂದು ಸಿಕ್ಕರೆ ಅದಕ್ಕೆ ಹಾರು. ಒಂದಷ್ಟು ದಿನ ಊರಿನಲ್ಲೇ ಮೇಷ್ಟ್ರು, ಆಮೇಲೆ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಫ್ಯಾಕ್ಟರಿ. ಆ ಊರೂ ಸಾಮಾನ್ಯದ್ದಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕೋಲಾರ ಪಟ್ಟಣಕ್ಕೆ ಆಗಿನ್ನೂ ರೈಲಿರಲಿಲ್ಲ. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಚಿಕ್ಕ ರೈಲು ಕೋಲಾರ ತಲುಪುವ ಹೊತ್ತಿಗೆ 1913 ಆಗಿತ್ತು. ಅಷ್ಟರಲ್ಲಿ ಗುಂಡಪ್ಪನವರು ಬೆಂಗಳೂರು ಸೇರಿ, ಜಟಕಾ ಗಾಡಿಗಳಿಗೆ ಬಣ್ಣ ಹೊಡೆಯುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ, ಅದನ್ನೂ ಬಿಟ್ಟು ಪತ್ರಿಕೆಗಳ ಬಾಗಿಲು ತಟ್ಟಿಯಾಗಿತ್ತು.

ಪತ್ರಿಕೆಯ ಕೆಲಸ ಆಗ ಅಪಾಯದ್ದು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ತಂದಿತ್ತು. ಅದನ್ನು ಒಪ್ಪದೆ ಕೆಲವರು ಪತ್ರಿಕೆಯನ್ನೇ ನಿಲ್ಲಿಸಿದರು. ಇಂಥ ಕಾಲದಲ್ಲಿ ಕೈಯಲ್ಲಿ ಪದವಿಯಿಲ್ಲದ, ಬೆನ್ನಿಗೆ ದೊಡ್ಡವರಿಲ್ಲದ ಹುಡುಗ ಪತ್ರಕರ್ತನಾದ. ಸ್ವಲ್ಪ ಕಾಲದಲ್ಲೇ ಇಂಗ್ಲಿಷಿನಲ್ಲಿ 'ಕರ್ನಾಟಕ' ಎಂಬ ಸ್ವಂತ ಪತ್ರಿಕೆ ಹೊರಡಿಸಿದ. ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಇಬ್ಬರಿಗೂ ಸ್ನೇಹವಿತ್ತು, ಆದರೂ ಸರ್ಕಾರದ ತಪ್ಪನ್ನು ತಪ್ಪೆನ್ನಲು ಆ ಸ್ನೇಹ ಅಡ್ಡ ಬರಲಿಲ್ಲ. ಸರ್ಕಾರದಿಂದ ಬಂದ ಹಣದ ಚೆಕ್ಕುಗಳನ್ನು ನಗದು ಮಾಡಿಸದೆ ಹಾಗೇ ಇಟ್ಟಿದ್ದರೆಂಬ ಮಾತೂ ಇದೆ. ಈ ಕಥೆಯನ್ನು ಭಾಷಣಗಳಲ್ಲಿ ಕೇಳಿ ಚಪ್ಪಾಳೆ ತಟ್ಟುವವರಲ್ಲಿ ಎಷ್ಟು ಮಂದಿ ಹಾಗೆ ಚೆಕ್ಕು ಬಿಟ್ಟಾರೋ, ಇರಲಿ.

1915ರ ಫೆಬ್ರವರಿಯಲ್ಲಿ ರಾಷ್ಟ್ರನಾಯಕ ಗೋಪಾಲಕೃಷ್ಣ ಗೋಖಲೆ ತೀರಿಕೊಂಡರು. ಮೇ 8ರಂದು ಬೆಂಗಳೂರಿನಲ್ಲಿ ಅವರ ಭಾವಚಿತ್ರ ಅನಾವರಣ ಮಾಡಿದವರು ಗಾಂಧಿ. ದಕ್ಷಿಣ ಆಫ್ರಿಕದಿಂದ ಮರಳಿ ನಾಲ್ಕು ತಿಂಗಳಾಗಿತ್ತಷ್ಟೆ. ಗಾಂಧಿ ಕೂತ ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆಯಬೇಕೆಂದು ಜನಕ್ಕೆ ಉಮೇದು. ಅವರು ಒಪ್ಪಲಿಲ್ಲ. ಸಾರ್ವಜನಿಕರ ಕೆಲಸ ಮಾಡುವವರನ್ನು ಹೀಗೆ ಎಳೆದಾಡಿ ಹಾಳುಮಾಡಬೇಡಿ, ಸದ್ದಿಲ್ಲದೆ ಕೆಲಸ ಮಾಡಲು ಬಿಡಿ ಎಂಬ ಅರ್ಥದ ಮಾತನ್ನು ಸಭೆಯಲ್ಲೇ ಹೇಳಿದರು. ಆ ಬುದ್ಧಿಮಾತನ್ನು ನಮ್ಮೂರ ಗುಂಡಪ್ಪನವರಷ್ಟು ಅಕ್ಷರಶಃ ಪಾಲಿಸಿದವರು ಕಡಿಮೆ ಎಂದು ನನ್ನ ಲೆಕ್ಕ. ಅದೇ ವರ್ಷ ಅವರು ಗೋಖಲೆಯವರ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದರು.

ಆಮೇಲಿನದು ಸಭೆ, ಸಮಿತಿ, ಮನವಿಪತ್ರಗಳ ಬದುಕು. 1926ರಿಂದ 1940ರವರೆಗೆ ಮೈಸೂರು ಶಾಸನ ಪರಿಷತ್ತು, ಜೊತೆಗೆ ವಿಶ್ವವಿದ್ಯಾನಿಲಯದ ಸೆನೆಟ್. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರು, 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ. ಬ್ರಿಟಿಷ್ ಇಂಡಿಯಾಕ್ಕೆ ಸಿಗುವ ಹಕ್ಕು ಸಂಸ್ಥಾನದ ಪ್ರಜೆಗೂ ಸಿಗಬೇಕೆಂದು ವರ್ಷಾನುಗಟ್ಟಲೆ ವಾದಿಸಿದರು. ಕಗ್ಗ ಪುಸ್ತಕವಾಗಿ ಬಂದದ್ದು 1943ರಲ್ಲಿ, ಇಷ್ಟೆಲ್ಲ ಆದಮೇಲೆ.

ಅದೇ 1943ರಲ್ಲಿ ನಮ್ಮ ಜಿಲ್ಲೆಯ ಇನ್ನೊಬ್ಬರು, ಮಾಲೂರು ತಾಲ್ಲೂಕಿನ ಕಥೆಗಾರ ಮಾಸ್ತಿ, ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ತಮಗಿಂತ ಕಿರಿಯರನ್ನು ಮೇಲೇರಿಸಿದ್ದು ಸರಿಕಾಣಲಿಲ್ಲ. ಗವಿಪುರದ ಮನೆಯಲ್ಲಿ ಕೂತು 'ಜೀವನ' ಪತ್ರಿಕೆಯನ್ನು 1965ರವರೆಗೆ ನಡೆಸಿದರು. ಸಂಜೆಯಾದರೆ ಬಸವನಗುಡಿ ಕ್ಲಬ್ಬಿನಲ್ಲಿ ಇಸ್ಪೀಟು. ಮಾಸ್ತಿಯವರು ಬೆಂಗಳೂರಿನಲ್ಲಿ ಹಾಯಾಗಿ ನೆಲೆಸಿದರು. ಡಿವಿಜಿ ಈ ಊರಿನ ಜೊತೆ ಕೊನೆಯವರೆಗೂ ವಾದಕ್ಕೆ ಕೂತಿದ್ದರು ಅನ್ನಿಸುತ್ತದೆ ನನಗೆ.

ವಾದಕ್ಕೆ ಕೂರಲು ಅವರು ಜಾಗವನ್ನೇ ಕಟ್ಟಿದರು. 1945ರ ಫೆಬ್ರವರಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಶುರುವಾಯಿತು. ನರಸಿಂಹರಾಜ ಕಾಲೋನಿಯಲ್ಲಿ, ಬುಲ್ ಟೆಂಪಲ್ ರಸ್ತೆಯ ಮೇಲೆಯೇ ಇದೆ. ಪ್ರಜೆಯಾಗುವುದಕ್ಕೂ ಓದು ಬೇಕು, ಅಭ್ಯಾಸ ಬೇಕು ಎಂಬುದು ಅವರ ಹಟ. ಸಂಸ್ಥೆಯಲ್ಲಿ ಪಾಠ ನಡೆಯುತ್ತಿತ್ತು: ಒಮ್ಮೆ ರಾಜ್ಯಶಾಸ್ತ್ರ, ಒಮ್ಮೆ ಗೀತೆ, ಒಮ್ಮೆ ಷೇಕ್ಸ್‌ಪಿಯರ್. ಕೆಲಸದಲ್ಲಿದ್ದಾಗ ನಾನೂ ಭಾನುವಾರ ಅಲ್ಲಿಯ ಲೈಬ್ರರಿಗೆ ಹೋಗುತ್ತಿದ್ದೆ. ಪೇಪರಿನ ಮೇಜಿನ ಸುತ್ತ ಕೂತ ಹಿರಿಯರು ನೀರಿನ ದರದಿಂದ ಹಿಡಿದು ಸಂವಿಧಾನದ ತಿದ್ದುಪಡಿಯವರೆಗೆ ಪಿಸುಗುಟ್ಟಿಕೊಂಡೇ ಜಗಳವಾಡುತ್ತಿದ್ದರು. ಯಾರಾದರೂ ದನಿಯೇರಿಸಿದರೆ ಎದುರಿಗಿದ್ದವರು ಕನ್ನಡಕದ ಮೇಲಿಂದ ಒಮ್ಮೆ ನೋಡುವರು, ಅಷ್ಟೆ. ನಮ್ಮ ಕಡೆಯ ತೆಲುಗು ಬೆರೆತ ಕನ್ನಡ ಅಲ್ಲಿ ಯಾರ ಬಾಯಲ್ಲಾದರೂ ಕೇಳಿದರೆ ನನಗೆ ಪೇಪರು ಓದಲಾಗುತ್ತಿರಲಿಲ್ಲ. ಎದ್ದು ಹೋಗಿ ಯಾವೂರು ಎಂದು ಕೇಳಲೇಬೇಕು. ಶ್ರೀನಿವಾಸಪುರ ಅಂದರೆ ಮಾವಿನ ಫಸಲು ವಿಚಾರಿಸಲೇಬೇಕು.

1970ರಲ್ಲಿ ಕಲಾಕ್ಷೇತ್ರದಲ್ಲಿ ಡಿವಿಜಿಯವರಿಗೆ ಸನ್ಮಾನ ಮಾಡಿ 90,000 ರೂಪಾಯಿಯ ನಿಧಿ ಅರ್ಪಿಸಿದರು. ಅಷ್ಟನ್ನೂ ಅವರು ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ, 1975ರ ಅಕ್ಟೋಬರ್ 7ರಂದು ನಿಧನ. ಬಸವನಗುಡಿಯ ರಸ್ತೆಗೆ ಅವರ ಹೆಸರಿದೆ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಪ್ರತಿಮೆಯಿದೆ.

ಅವರು ಕೂತಿದ್ದ ಪುರಸಭೆ ಬೆಳೆದು ಮಹಾನಗರ ಪಾಲಿಕೆಯಾಯಿತು, ಬೃಹತ್ತೂ ಆಯಿತು. ಅದರ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಹೊಸ ಚುನಾವಣೆಯೇ ಆಗಲಿಲ್ಲ. ಡಿವಿಜಿ ರಸ್ತೆಯಲ್ಲಿ ಗುಂಡಿ ಬಿದ್ದರೂ ಹೇಳಿಕೊಳ್ಳಲು ಆ ವಾರ್ಡಿನವರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ.