ದೇವರ ಮಾನ್ಯವೂ ದಫ್ತರದ ಕಾಗದವೂ

ತುಂಗಭದ್ರೆಯ ಎಡದಂಡೆಯಲ್ಲಿ ಕೋಟೆ, ಗುಡಿ ಮತ್ತು ಮಗ್ಗಗಳೊಡನೆ ಬೆಳೆದು ಬಂದ ಊರು ರಾಜೋಳಿ. ಇದರ ಸುತ್ತಲಿನ ಗದ್ವಾಲ-ಆಲಂಪುರ ಸೀಮೆಯು ಬಾದಾಮಿ ಚಾಲುಕ್ಯರ ಕಾಲದಿಂದಲೂ ದೇವಾಲಯಗಳ ನೆಲೆವೀಡು. ಆಲಂಪುರದ ನವಬ್ರಹ್ಮ ದೇವಾಲಯಗಳೂ ಆ ಕ್ಷೇತ್ರದ ಕನ್ನಡ ಶಾಸನಗಳೂ ಇದಕ್ಕೆ ಸಾಕ್ಷಿ. ಅಂದಿನ ದಾನಿಗಳು ದೇವರ ಪೂಜೆಗೆಂದು ಭೂಮಿ ಬಿಟ್ಟಾಗ ಅದರ ಅಳತೆ, ಎಲ್ಲೆ, ಉದ್ದೇಶಗಳನ್ನು ಕಲ್ಲಿನಲ್ಲಿ ಕೊರೆಯಿಸಿ ಗುಡಿಯ ಆವರಣದಲ್ಲೇ ನಿಲ್ಲಿಸುತ್ತಿದ್ದರು. ದಾಖಲೆಯು ದೇವರ ಕಣ್ಣೆದುರಿಗೇ ಇರುತ್ತಿತ್ತು. ಕಾಗದದ ಕಾಲ ಬಂದ ಮೇಲೆ ದಾಖಲೆ ಗುಡಿಯಿಂದ ದಫ್ತರಕ್ಕೆ ಹೋಯಿತು. ಒಂದು ದಫ್ತರದಿಂದ ಇನ್ನೊಂದು ದಫ್ತರಕ್ಕೂ ಹೋಯಿತು. ದೇವರ ಮಾನ್ಯದ ಹೊಲ ಇಂದು ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಅನೇಕ ಗ್ರಾಮಗಳಲ್ಲಿ ಹಿರಿಯರ ನೆನಪೊಂದೇ ಉತ್ತರ. ನೆನಪು ಎಷ್ಟೇ ಸತ್ಯವಾದರೂ ಕಚೇರಿಯ ಮೊಹರಿನ ಮುಂದೆ ನಿಲ್ಲಲಾರದು.

ನ್ಯಾಯಶಾಸ್ತ್ರದ ದೃಷ್ಟಿಯಲ್ಲಿ ದೇವರು ಆಸ್ತಿ ಹೊಂದಬಲ್ಲ ವ್ಯಕ್ತಿ. 1925ರಲ್ಲಿ ಪ್ರಿವಿ ಕೌನ್ಸಿಲ್ ಕಲ್ಕತ್ತೆಯ ಮಲ್ಲಿಕ್ ಮನೆತನದ ವ್ಯಾಜ್ಯದಲ್ಲಿ ಈ ಮಾತನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಆದರೆ ದೇವರು ತಾನೇ ಕಚೇರಿಗೆ ಹೋಗಿ ಅರ್ಜಿ ಕೊಡಲಾರ. ಆದ್ದರಿಂದಲೇ ನ್ಯಾಯಾಲಯಗಳು ದೇವರನ್ನು ಸದಾಕಾಲವೂ ಅಪ್ರಾಪ್ತ ವಯಸ್ಕನೆಂದು ಭಾವಿಸಿ, ಅವನ ಹಿತವನ್ನು ಕಾಯುವ ಹೊಣೆಯನ್ನು ಮನುಷ್ಯರ ಮೇಲೆ ಇರಿಸಿವೆ. ತೇರನ್ನು ಎಳೆಯುವುದು ಹೇಗೆ ಸೇವೆಯೋ, ದೇವರ ಹೊಲದ ಪಹಣಿಯನ್ನು ಹುಡುಕಿ ತರುವುದೂ ಹಾಗೆಯೇ ಸೇವೆ.

ಈ ಹುಡುಕಾಟ ಕಷ್ಟವೆನಿಸಲು ಈ ಸೀಮೆಯ ಇತಿಹಾಸವೇ ಕಾರಣ. ನಿಜಾಮರ ಅಧೀನದಲ್ಲಿದ್ದ ಗದ್ವಾಲ ಸಂಸ್ಥಾನವು ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಕಾಲದಲ್ಲಿ, 1949ರ ಜಾಗೀರು ರದ್ದತಿಯೊಂದಿಗೆ ಕೊನೆಗೊಂಡಿತು. ಆ ಬಳಿಕ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಈ ಎರಡು ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಬಂದವು. 1984ರಲ್ಲಿ ಪಟೇಲ-ಪಟವಾರಿ ಪದ್ಧತಿ ರದ್ದಾಯಿತು. ಪಟವಾರಿಗಳ ಮನೆಯ ದಪ್ತರಗಳನ್ನು ಸರ್ಕಾರ ವಹಿಸಿಕೊಳ್ಳಬೇಕಾಯಿತು. 1985ರಲ್ಲಿ ಮಂಡಲಗಳು ಬಂದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆ ಹುಟ್ಟಿತು. ರಾಜೋಳಿಯೇ ಒಂದು ಮಂಡಲವಾಯಿತು. ಊರು ಇದ್ದಲ್ಲೇ ಇತ್ತು, ಅದರ ಜಿಲ್ಲೆಯೂ ರಾಜ್ಯವೂ ಬದಲಾಗುತ್ತಾ ಹೋದವು. ಪ್ರತಿ ಬದಲಾವಣೆಯಲ್ಲೂ ಕಡತಗಳ ಗಂಟುಗಳು ಒಂದಷ್ಟು ಮುಂದಕ್ಕೆ ಸಾಗಿದವು, ಒಂದಷ್ಟು ಹಿಂದೆಯೇ ಉಳಿದವು.

ಇದರ ಮೇಲೆ ನದಿಯ ಮುನಿಸು ಬೇರೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆಯ ಮಹಾಪೂರವು ಮಂತ್ರಾಲಯವನ್ನು ಮುಳುಗಿಸಿದ ಹಾಗೆಯೇ ರಾಜೋಳಿಯನ್ನೂ ಮುಳುಗಿಸಿತು. ಅಂಥ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದೇ ಹೆಚ್ಚು. ಪೆಟ್ಟಿಗೆಯಲ್ಲಿದ್ದ ಸನದು, ರಸೀದಿಗಳ ಗತಿ ಹೇಳಬೇಕಾಗಿಲ್ಲ. ಆದರೆ ಭಕ್ತರು ಧೈರ್ಯಗೆಡಬೇಕಾಗಿಲ್ಲ. ಮನೆಯ ಪ್ರತಿ ಹೋದರೂ ಸರ್ಕಾರದ ಪ್ರತಿ ಬೇರೊಂದು ಕಡೆ ಇರುವ ಸಂಭವವಿದೆ.

ಮೊದಲು ತಿಳಿಯಬೇಕಾದುದು ಕಾಗದಗಳ ಹೆಸರು. ನಿಜಾಮರ ಕಾಲದಲ್ಲಿ ಇನಾಮಿನ ವಿಚಾರಣೆ ನಡೆದು ಹಕ್ಕು ಸ್ಥಿರವಾದ ಮೇಲೆ ಕೊಡುತ್ತಿದ್ದ ಪತ್ರಕ್ಕೆ ಮುಂತಖಬ್ ಎಂದು ಹೆಸರು. 1349 ಫಸಲಿಯ ಧರ್ಮಾದಾಯ ನಿಯಮಗಳ ಪ್ರಕಾರ ದೇವಾಲಯಗಳನ್ನೂ ದಾಖಲಿಸಿದ ಪುಸ್ತಕ ಕಿತಾಬ್-ಉಲ್-ಅವ್ಕಾಫ್. ಭೂಮಾಪನವಾದಾಗ ಸರ್ವೆ ನಂಬರುವಾರು ಬರೆದ ಮೂಲ ದಾಖಲೆ ಸೇತ್ವಾರ್. ಹೊಲದ ಅಳತೆಯ ಚಿತ್ರ ಟಿಪ್ಪಣ್. 1954-55ರಲ್ಲಿ ಸಿದ್ಧವಾದುದು ಖಾಸ್ರಾ ಪಹಣಿ. ಅದಕ್ಕೆ ತೆಲಂಗಾಣದ ನ್ಯಾಯಾಲಯಗಳಲ್ಲಿ ಬಹಳ ಬೆಲೆ. ಇನಾಮು ರದ್ದತಿ ಕಾಯಿದೆ 1955ರಲ್ಲಿ ಬಂದಿತು. ಸಾಗುವಳಿದಾರರ ಹಕ್ಕನ್ನು ನಿರ್ಣಯಿಸುವಾಗ 1973ರ ನವೆಂಬರ್ 1ನೇ ತಾರೀಖು ಮುಖ್ಯವಾಗುತ್ತದೆ. ಆದ್ದರಿಂದ 1954-55 ಮತ್ತು 1973-74ರ ಪಹಣಿ ನಕಲುಗಳನ್ನು ಮೊದಲು ಪಡೆಯುವುದು ಒಳ್ಳೆಯದು. ಹಳೆಯ ಕಾಗದದಲ್ಲಿ ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. 1340 ಫಸಲಿ ಎಂದರೆ ಸುಮಾರು 1930-31. ಆ ಕಾಲದ ಬರಹ ಉರ್ದುವಿನಲ್ಲಿ, ಇನ್ನೂ ಹಿಂದಿನದು ಪಾರಸಿಯಲ್ಲಿ ಇರುವುದರಿಂದ ಓದಬಲ್ಲವರ ನೆರವು ಬೇಕಾದೀತು.

ಎರಡನೆಯದು, ಎಲ್ಲಿ ಕೇಳಬೇಕೆಂಬುದು. ಇತ್ತೀಚಿನ ಪಹಣಿಗಳಿಗೆ ಮಂಡಲದ ತಹಶೀಲ್ದಾರರ ಕಚೇರಿ. 1956ರಿಂದ 2016ರವರೆಗಿನ ಜಿಲ್ಲಾ ಕಡತಗಳಿಗೆ ಗದ್ವಾಲದ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಅಲ್ಲಿ ಸಿಗದಿದ್ದರೆ ಮಹಬೂಬ್‌ನಗರದ ದಾಖಲೆ ಕೊಠಡಿಯಲ್ಲಿ ಕೇಳಬೇಕು. 1956ಕ್ಕೆ ಹಿಂದಿನದಕ್ಕೆ ರಾಯಚೂರಿನ ದಾಖಲೆ ಕೊಠಡಿಯನ್ನೂ ಮರೆಯಬಾರದು. ಸೇತ್ವಾರ್ ಮತ್ತು ಟಿಪ್ಪಣ್‌ಗಳಿಗೆ ಭೂಮಾಪನ ಇಲಾಖೆ. ನಿಜಾಮರ ಸರ್ಕಾರದ ದಫ್ತರಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ. ದೇವಾಲಯದ ಆಸ್ತಿ ಪಟ್ಟಿಗೆ ದೇವಾದಾಯ ಇಲಾಖೆ. 1987ರ ಕಾಯಿದೆಯ 43ನೇ ಕಲಮಿನಂತೆ ನೋಂದಣಿಯಾದ ಸಂಸ್ಥೆಯ ಆಸ್ತಿ ವಿವರ ಅಲ್ಲಿರಬೇಕು. ಭೂಮಿ ಕೈಬದಲಾಗಿದೆಯೇ ಎಂದು ತಿಳಿಯಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಋಣಭಾರ ಪತ್ರ ಪಡೆಯಬಹುದು.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ ಇರುವ ಸ್ಥಳ ರಾಜೋಳಿಬಂಡಾ. ಅದರ ಕಾಲುವೆಯ ನೀರು ಕರ್ನಾಟಕದ 5,879 ಎಕರೆಗೂ ಈ ಕಡೆಯ 87,500 ಎಕರೆಗೂ ಉದ್ದೇಶಿತವಾದುದರಿಂದ ಆ ಹೆಸರಿನ ಕಡತಗಳು ಎರಡೂ ರಾಜ್ಯಗಳಲ್ಲಿ ರಾಶಿ ರಾಶಿಯಾಗಿವೆ. ಅರ್ಜಿಯಲ್ಲಿ ಬರಿಯ ಊರ ಹೆಸರು ಬರೆದರೆ ಒಂದಕ್ಕೆ ಇನ್ನೊಂದು ಸಿಕ್ಕೀತು. ಗ್ರಾಮ, ಹಳೆಯ ತಾಲ್ಲೂಕು, ಹಳೆಯ ಜಿಲ್ಲೆ, ಸರ್ವೆ ನಂಬರು, ವರ್ಷ, ದಾಖಲೆಯ ಹೆಸರು ಇವಿಷ್ಟನ್ನೂ ಬರೆಯುವುದೇ ಸರಿಯಾದ ಕ್ರಮ.

ಮೂರನೆಯದು, ಕೇಳುವ ಬಗೆ. ಸಾರ್ವಜನಿಕ ದಾಖಲೆಯ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಪಡೆಯುವ ಕ್ರಮ 1872ರ ಸಾಕ್ಷ್ಯ ಕಾಯಿದೆಯಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ನ್ಯಾಯಾಲಯಕ್ಕೆ ಬೇಕಾದುದು ಬರಿಯ ಜೆರಾಕ್ಸ್ ಅಲ್ಲ, ಅಧಿಕಾರಿಯ ರುಜು ಮತ್ತು ಮೊಹರು ಇರುವ ನಕಲು. ಇದಲ್ಲದೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಈ ಕಾಯಿದೆಯು ಹಕ್ಕನ್ನು ಪೌರನಿಗೆ ಕೊಟ್ಟಿರುವುದರಿಂದ ಅರ್ಜಿಯನ್ನು ಸಮಿತಿಯ ಹೆಸರಿನಲ್ಲಿ ಹಾಕದೆ ಒಬ್ಬ ಸದಸ್ಯರ ಸ್ವಂತ ಹೆಸರಿನಲ್ಲಿ ಹಾಕುವುದು ಕ್ಷೇಮ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ತೆಲಂಗಾಣದಲ್ಲಿ ಗ್ರಾಮ ಮಟ್ಟದ ಕಚೇರಿಗೆ ಅರ್ಜಿ ಶುಲ್ಕವಿಲ್ಲ. ಮಂಡಲ ಮಟ್ಟಕ್ಕೆ 5 ರೂಪಾಯಿ, ಅದರ ಮೇಲಿನ ಕಚೇರಿಗಳಿಗೆ 10 ರೂಪಾಯಿ. ಗದ್ವಾಲದಲ್ಲಿ ತೆಲುಗಿನಲ್ಲೂ ರಾಯಚೂರಿನಲ್ಲಿ ಕನ್ನಡದಲ್ಲೂ ಬರೆಯಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ. ಬರೆಯಲಾರದವರು ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಳ್ಳಲು ಮಾಹಿತಿ ಅಧಿಕಾರಿ ನೆರವಾಗಬೇಕು.

ಉತ್ತರಕ್ಕೆ 30 ದಿನಗಳ ಗಡುವಿದೆ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ 5 ದಿನಗಳೊಳಗೆ ಅರ್ಜಿಯನ್ನು ಅಲ್ಲಿಗೆ ಕಳುಹಿಸಬೇಕು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ; ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ‘ದಾಖಲೆ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದಾಗ ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಜಿಲ್ಲೆ ಬದಲಾದಾಗ ಕಡತಗಳನ್ನು ಒಪ್ಪಿಸಿದ ಹಸ್ತಾಂತರ ಪಟ್ಟಿಯ ನಕಲನ್ನು ಕೇಳಬೇಕು. ಕಡತಗಳ ರಿಜಿಸ್ಟರನ್ನು ಖುದ್ದಾಗಿ ನೋಡಲು ಅವಕಾಶ ಕೇಳಬೇಕು. ಪರಿಶೀಲನೆಯ ಹಕ್ಕೂ ಅದೇ ಕಾಯಿದೆಯಲ್ಲಿದೆ. ಅಧಿಕಾರಿಯ ಅಭಿಪ್ರಾಯವನ್ನು ಕೇಳಬಾರದು, ಇರುವ ಕಾಗದವನ್ನು ಕೇಳಬೇಕು. ದಾಖಲೆ ಕೊಠಡಿಯ ಗುಮಾಸ್ತರೊಡನೆ ಜಗಳಕ್ಕಿಂತ ತಾಳ್ಮೆ ಹೆಚ್ಚು ಫಲ ಕೊಡುತ್ತದೆ.

ಇದೆಲ್ಲ ಈಗಲೇ ಆಗಬೇಕಾದ ಕಾರಣವಿದೆ. 2020ರ ಅಕ್ಟೋಬರ್‌ನಲ್ಲಿ ತೆಲಂಗಾಣದ ಭೂದಾಖಲೆ ಧರಣಿ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಯಿತು. 2025ರ ಏಪ್ರಿಲ್ 14ರಿಂದ ಭೂಭಾರತಿ ಬಂದಿದೆ. ಹೊಸ ಪುಸ್ತಕಕ್ಕೆ ಹೆಸರು ಏರುವಾಗ ಹಳೆಯ ಪುಸ್ತಕದಲ್ಲಿ ಏನಿತ್ತೆಂದು ತೋರಿಸುವವರಿಲ್ಲದಿದ್ದರೆ ದೇವರ ಹೆಸರು ಬಿಟ್ಟುಹೋದೀತು. ದೇವಾಲಯದ ಭೂಮಿ ಎಂದು ಪಟ್ಟಿಯಲ್ಲಿ ಸೇರಿದರೆ, ನೋಂದಣಿ ಕಾಯಿದೆಯ 22-ಎ ಕಲಮು ಅದರ ಪರಭಾರೆಯ ನೋಂದಣಿಯನ್ನು ತಡೆಯುತ್ತದೆ. ಪಟ್ಟಿಗೆ ಸೇರಿಸಲು ಆಧಾರ ಬೇಕು. ಆ ಆಧಾರವೇ ಈ ಹಳೆಯ ಕಾಗದ.

ಸಿಕ್ಕ ನಕಲುಗಳನ್ನು ಒಬ್ಬರ ಮನೆಯಲ್ಲಿ ಇಡದೆ ಮೂರು ಪ್ರತಿ ಮಾಡಿ, ಒಂದನ್ನು ದೇವಸ್ಥಾನದಲ್ಲಿ, ಒಂದನ್ನು ದೇವಾದಾಯ ಇಲಾಖೆಯಲ್ಲಿ, ಇನ್ನೊಂದನ್ನು ನೀರು ತಲುಪದ ಎತ್ತರದ ಊರಿನ ಭಕ್ತರಲ್ಲಿ ಇರಿಸುವುದು ಉಚಿತ. ದೀಪದ ಎಣ್ಣೆಗೆಂದು ಭೂಮಿ ಬಿಟ್ಟ ಪುಣ್ಯಾತ್ಮರು ತಮ್ಮ ಕೆಲಸ ಮಾಡಿ ಹೋಗಿದ್ದಾರೆ. ಆ ದೀಪ ಆರದಂತೆ ನೋಡಿಕೊಳ್ಳುವ ಬುದ್ಧಿಯನ್ನೂ ಶಕ್ತಿಯನ್ನೂ ಭಗವಂತನು ಸಕಲ ಭಕ್ತರಿಗೆ ಕರುಣಿಸಲಿ.