ಒಂದಾಣೆಯ ಊಟ

ಮದರಾಸಿನ ಥೌಸಂಡ್ ಲೈಟ್ಸ್ ಎಂಬ ಬಡಾವಣೆಗೆ ಆ ಹೆಸರು ಬಂದದ್ದು ಅಲ್ಲಿನ ಹಳೆಯ ಮಸೀದಿಯಿಂದ. ಸಾವಿರ ದೀಪಗಳ ಆ ಬೀದಿಯ ಕಾರ್ಪೊರೇಶನ್ ಶಾಲೆ ಮಾತ್ರ 1920ರಲ್ಲಿ ಮಕ್ಕಳಿಲ್ಲದೆ ಸೊರಗಿತ್ತು. ಶಾಲೆ ಹತ್ತಿರದಲ್ಲೇ ಇತ್ತು, ಮೇಷ್ಟ್ರೂ ಇದ್ದರು. ಮಕ್ಕಳ ಹೊಟ್ಟೆಗೆ ಇರಲಿಲ್ಲ ಅಷ್ಟೆ. ಆ ಭಾಗದ ಹುಡುಗರ ಬಡತನದಿಂದಲೇ ಶಾಲೆಯ ಸಂಖ್ಯೆ ಕುಸಿಯುತ್ತಿದೆ ಎಂಬುದು ಕಾರ್ಪೊರೇಶನ್ ಅಧ್ಯಕ್ಷರಾಗಿದ್ದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರಿಗೆ ಮನವರಿಕೆಯಾಗಿತ್ತು. ಆ ವರ್ಷದ ಸೆಪ್ಟೆಂಬರ್ 16ರಂದು ಸಭೆ ಒಂದು ನಿರ್ಣಯ ಅಂಗೀಕರಿಸಿತು: ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಡಬೇಕು, ತಲೆಗೆ ದಿನಕ್ಕೆ ಒಂದಾಣೆ ಮೀರಬಾರದು.

ಆನಂತರ ಇನ್ನೂ ನಾಲ್ಕು ಶಾಲೆಗಳಿಗೆ ಅದು ಹಬ್ಬಿತು. 1922–23ರಲ್ಲಿ ಈ ಶಾಲೆಗಳಲ್ಲಿ 811 ಮಕ್ಕಳಿದ್ದರು. 1924–25ರ ಹೊತ್ತಿಗೆ 1671. ಎರಡೇ ವರ್ಷದಲ್ಲಿ ದುಪ್ಪಟ್ಟು! ಬಡವರಿಗೆ ಓದಿನ ಬೆಲೆ ತಿಳಿಯದು ಎಂದು ಇಂದಿಗೂ ಹೇಳುವವರು ಈ ಎರಡು ಅಂಕಿಗಳನ್ನೊಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು. ಮಗು ಶಾಲೆಗೆ ಹೋದರೆ ಮನೆಗೆ ಬರುವ ನಾಲ್ಕು ಕಾಸು ತಪ್ಪುತ್ತದೆ, ಒಂದು ಹೊತ್ತಿನ ಊಟ ಅಲ್ಲೇ ಸಿಕ್ಕರೆ ಆ ನಷ್ಟ ತುಂಬುತ್ತದೆ. ತಾಯಂದಿರ ಲೆಕ್ಕ ಸರ್ಕಾರದ ಲೆಕ್ಕಕ್ಕಿಂತ ಸ್ಪಷ್ಟವಾಗಿತ್ತು.

ಆದರೆ ಸರ್ಕಾರದ ಲೆಕ್ಕ ಬೇರೆಯೇ ಇತ್ತು. ಪ್ರಾಥಮಿಕ ಶಿಕ್ಷಣ ನಿಧಿಯ ಹಣವನ್ನು ಊಟಕ್ಕೆ ಖರ್ಚು ಮಾಡುವಂತಿಲ್ಲ ಎಂಬ ಆಕ್ಷೇಪ ಬಂದು, 1925ರ ಏಪ್ರಿಲ್ 1ರಿಂದ ಊಟ ನಿಂತುಹೋಯಿತು. ಯಾರೂ ಮಕ್ಕಳ ವಿರೋಧಿಗಳಲ್ಲ. ಖರ್ಚಿನ ಶೀರ್ಷಿಕೆ ಹೊಂದಲಿಲ್ಲ, ಅಷ್ಟೇ. ಬಳಿಕ ಒಂದಿಷ್ಟು ಮಕ್ಕಳಿಗೆ ಅದು ಮರಳಿತಾದರೂ, ರಾಜ್ಯವ್ಯಾಪಿ ಯೋಜನೆಯಾಗಲು 1956ರಲ್ಲಿ ಕಾಮರಾಜರೇ ಬರಬೇಕಾಯಿತು. 1982ರ ಜುಲೈನಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ಹಿಗ್ಗಿಸಿದಾಗ ಬೊಕ್ಕಸ ಬರಿದಾಗುತ್ತದೆಂಬ ಟೀಕೆ ಕೇಳಿಬಂತು. ಬೊಕ್ಕಸ ಬರಿದಾಗಲಿಲ್ಲ.

ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ತಂದ ಯೋಜನೆಯದ್ದು ಇನ್ನೊಂದು ಬಗೆಯ ಕತೆ. ಧಾನ್ಯ ಕೇಂದ್ರದ್ದು, ಬೇಯಿಸುವ ಖರ್ಚು ರಾಜ್ಯಗಳದ್ದು. ಹಣ ಹೊಂದಿಸಲು ಹಲವು ರಾಜ್ಯಗಳು ಮುಂದಾಗಲಿಲ್ಲ. ಮಗುವಿನ ಕೈಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಟ್ಟು ಕಳಿಸಿದವು. ಮನೆಗೆ ಹೋದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತರಗತಿಯಲ್ಲಿ ಕುಳಿತ ಮಗು ಹಸಿದೇ ಇರುತ್ತದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕನಿಷ್ಠ 300 ಕ್ಯಾಲೊರಿ, ವರ್ಷಕ್ಕೆ 200 ದಿನ. ನಮ್ಮಲ್ಲಿ 2002ರ ಜೂನ್‌ನಲ್ಲಿ ಬೀದರ್, ರಾಯಚೂರು ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಿಸಿಯೂಟ ಬಂತು.

ಹಣ ಎಲ್ಲಿಂದ? 2004ರ ಬಜೆಟ್‌ನಲ್ಲಿ ಕೇಂದ್ರದ ತೆರಿಗೆಗಳ ಮೇಲೆ ಶೇ. 2ರ ಶಿಕ್ಷಣ ಸೆಸ್ ಬಿತ್ತು. ಬೇಯಿಸುವ ಖರ್ಚಿಗೆಂದು ಕೇಂದ್ರ ತಲೆಗೆ ದಿನಕ್ಕೆ ಒಂದು ರೂಪಾಯಿ ಕೊಡತೊಡಗಿದ್ದೂ ಅದೇ ವರ್ಷ. ಬೀಡಿ ಕಟ್ಟುವ ಹೆಂಗಸು ಕೊಳ್ಳುವ ಸೋಪಿನಲ್ಲೂ ಈ ಸೆಸ್ಸಿನ ಪಾಲು ಸೇರಿತ್ತು; ತನ್ನ ಮಗನ ಅನ್ನಕ್ಕೆ ಅವಳೂ ತೆತ್ತಿದ್ದಳು. ಅದು ಉಚಿತ ಊಟವೆಂಬ ಮಾತು ಅರ್ಧಸತ್ಯ. ಇನ್ನೊಂದು ಸೂಕ್ಷ್ಮವಿದೆ: ಸೆಸ್ಸಿನ ಹಣವನ್ನು ಕೇಂದ್ರ ಇತರ ತೆರಿಗೆಗಳಂತೆ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ. ಒಲೆ ಉರಿಯುವುದು ರಾಜ್ಯದ ಶಾಲೆಯಲ್ಲಿ, ಕೀಲಿಕೈ ದೆಹಲಿಯಲ್ಲಿ.

ಆ ಒಲೆಯ ಮುಂದೆ ನಿಂತವರ ವಿಷಯ ಇನ್ನೂ ವಿಚಿತ್ರ. ಅಡುಗೆಯವರಿಗೆ ಕೇಂದ್ರ 2009ರಲ್ಲಿ ತಿಂಗಳಿಗೆ 1000 ರೂಪಾಯಿ ಗೊತ್ತುಪಡಿಸಿತು, ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ರಾಜ್ಯಗಳು ತಮ್ಮ ಶಕ್ತ್ಯಾನುಸಾರ ಸೇರಿಸಿ ಕೊಡುತ್ತವೆ. ಕಡತದಲ್ಲಿ ಅದು ಸಂಬಳವಲ್ಲ, ಗೌರವಧನ. ಬೇಸಿಗೆ ರಜೆಯ ಎರಡು ತಿಂಗಳು ಆ ಗೌರವವೂ ಇಲ್ಲ. ಈ ಹೆಂಗಸರ ಮನೆಯಲ್ಲೂ ಮಕ್ಕಳಿದ್ದಾರೆ. ಆ ಎರಡು ತಿಂಗಳು ಅವರ ಮಕ್ಕಳಿಗೆ ಶಾಲೆಯ ಊಟವೂ ಇರುವುದಿಲ್ಲ.